ಅತ್ತೆಯ ಬಾವಿ ಸಿನೆಮಾಕ್ಕೆ ಹೋದದ್ದು

ಪರದೆಯ ಮೇಲೆ ಒಂದು ಕುದುರೆ ಬಂತು. ನಿಜವಾದ ಕುದುರೆಯಲ್ಲ, ಯಾರೋ ಕಪ್ಪು ಗೆರೆಯಲ್ಲಿ ಬರೆದ ಕುದುರೆ. ನಾಲ್ಕು ಹೆಜ್ಜೆ ನಡೆಯಿತು, ನಮ್ಮ ಕಡೆ ತಿರುಗಿ ಹಲ್ಲು ಕಿರಿಯಿತು, ಆಮೇಲೆ ಬೆನ್ನಿನ ಜೀನನ್ನು ತಾನೇ ಬಿಚ್ಚಿ ಗೂಟಕ್ಕೆ ತೂಗುಹಾಕಿ ಮಲಗಲು ಹೋಯಿತು. ಥೇಟರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪರದೆಯ ಬದಿಯಲ್ಲಿ ಕೂತು ಪೇಟಿ ಬಾರಿಸುತ್ತಿದ್ದವನಿಗೂ ನಗು ತಡೆಯದೆ ಸ್ವರ ತಪ್ಪಿತು. ನನ್ನ ಅತ್ತೆ ಮಾತ್ರ ನಗಲಿಲ್ಲ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಕೇಳಿದರು:

“ಏ ಹುಡುಗಿ, ಇದನ್ನ ಬರಿಯಾಂವ ಎಲ್ಲಿ ಕುಂತಾನ?”

“ಪರದೆ ಹಿಂದ ಇರಬೇಕ್ರಿ ಅತ್ತಿ,” ಎಂದೆ. ಗೊತ್ತಿಲ್ಲ ಎನ್ನುವ ಮಾತು ಆ ವಯಸ್ಸಿನಲ್ಲಿ ನನ್ನ ಬಾಯಿಗೆ ಬರುತ್ತಿರಲಿಲ್ಲ.

“ಹಿಂದ ಕುಂತು ಬರದ್ರ ಕೈ ನೆರಳು ಬೀಳಬೇಕಿತ್ತಲ್ಲ?”

ಮುಂದೆ ಶುರುವಾದ ದೊಡ್ಡ ಚಿತ್ರದಲ್ಲಿ ರಾಜ, ರಾಣಿ, ಕತ್ತಿ, ಬೆಂಕಿ ಎಲ್ಲ ಇದ್ದವು. ಅತ್ತೆ ಅದರ ಕಡೆ ನೋಡಿದರೋ ಇಲ್ಲವೋ, ನನಗಂತೂ ಕುದುರೆ ಮರೆಯಲಿಲ್ಲ.

ಇದು ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಸಿನೆಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಬೆಳಗಾವಿಯಲ್ಲಿ ನಾಟಕದವರು ಬಿಟ್ಟುಹೋದ ಒಂದು ತಗಡಿನ ಥೇಟರಿಗೆ ನನ್ನ ತವರಿನ ಓಣಿಯವನೊಬ್ಬ ಮಷಿನ್ ತಂದು ಹೂಡಿದ್ದ. ರವಿವಾರ ಪೇಟೆಯಲ್ಲಿ ಅವನ ಅಪ್ಪನದು ಬೆಲ್ಲದ ಸಗಟು ಅಂಗಡಿ. “ಬೆಲ್ಲ ಬಿಟ್ಟು ನೆರಳು ಮಾರಾಕ ಹೊಂಟಾನ ನಮ್ಮ ಶಾಣ್ಯಾ,” ಎಂದು ಅಪ್ಪ ವಿಭೂತಿ ಹಚ್ಚಿಕೊಳ್ಳುವಾಗಲೂ ಬೈಯುತ್ತಿದ್ದರಂತೆ. ನನಗೆ ಚಿಕ್ಕಂದಿನಿಂದ ಅವನು ಅಣ್ಣ. ಥೇಟರು ಹೂಡಿದ ಮೇಲೆ ಥೇಟರಿನ ಅಣ್ಣ.

ನನ್ನನ್ನು ಖಾನಾಪುರಕ್ಕೆ ಕೊಟ್ಟು ಒಂದೆರಡು ವರ್ಷವಾಗಿತ್ತು. ತವರಿನಲ್ಲಿ ಒಂದು ಮದುವೆ ಇದ್ದುದರಿಂದ ಅತ್ತೆಯೂ ನನ್ನ ಜೊತೆ ಬಂದಿದ್ದರು. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಊಟ ಮುಗಿಸಿ ಎದ್ದರೆ ಮೊದಲನೆಯ ಆಟಕ್ಕೆ ಸರಿಯಾದ ಹೊತ್ತು. ನಮ್ಮ ಹಿರಿಯರು ಸಿನೆಮಾ ಬರುತ್ತದೆಂದು ಗೊತ್ತಿದ್ದೇ ಈ ನೇಮ ಮಾಡಿದ್ದಾರೆ ಎಂದು ನಾನು ಹೇಳಿ ಅವ್ವನ ಕೈಯಲ್ಲಿ ಬೈಸಿಕೊಂಡಿದ್ದೆ.

ಆಟ ಮುಗಿದರೂ ಅತ್ತೆ ಹೊರಡಲಿಲ್ಲ. ಕುದುರೆ ಎಲ್ಲಿದೆ ತೋರಿಸು ಎಂದು ಅಣ್ಣನಿಗೆ ಗಂಟುಬಿದ್ದರು.

“ಮುಂಜಾನೆ ಬರ್ರಿ ಕಾಕೂ. ದೀಪದ ಹತ್ತಿರ ರೀಲು ತರಬಾರದು, ಭಗ್ ಅಂತ ಹತ್ತತೈತಿ,” ಎಂದ ಅಣ್ಣ.

ಮುಂಜಾನೆ ಹೋದೆವು. ಥೇಟರಿನ ಬಾಗಿಲಲ್ಲಿ ನಿಂತು ಅವನು ರೀಲಿನ ತುದಿ ಎಳೆದು ಬಿಸಿಲಿಗೆ ಹಿಡಿದ. ಸಣ್ಣ ಸಣ್ಣ ಚೌಕ, ಒಂದರ ಕೆಳಗೊಂದು. ಪ್ರತಿ ಚೌಕದಲ್ಲೂ ಅದೇ ಕುದುರೆ. ಒಂದರಲ್ಲಿ ಕಾಲು ನೆಲದ ಮೇಲೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಮೇಲೆ, ಮುಂದಿನದರಲ್ಲಿ ಇನ್ನಷ್ಟು ಮೇಲೆ. ಅತ್ತೆ ಉಸಿರು ಬಿಗಿಹಿಡಿದು ನೋಡಿದರು.

“ಅಯ್ಯ! ಕುದುರಿ ನಡದೇ ಇಲ್ಲ. ಎಲ್ಲಾ ಕುದುರಿನೂ ನಿಂತಾವ!” ಎಂದರು. “ಹಂಗಾದ್ರ ನಡದಾವರು ಯಾರು?”

ಅಣ್ಣ ತಲೆ ಕೆರೆದುಕೊಂಡ. ಮಷಿನಿನಲ್ಲಿ ಒಂದು ರೆಕ್ಕೆ ತಿರುಗುತ್ತದೆ, ಚಿತ್ರಕ್ಕೂ ಚಿತ್ರಕ್ಕೂ ನಡುವೆ ಅದು ಬೆಳಕನ್ನು ತಡೆಯುತ್ತದೆ, ಆ ಕತ್ತಲಲ್ಲಿ ಚಿತ್ರ ಬದಲಾಗುತ್ತದೆ ಎಂದು ತನಗೆ ತಿಳಿದಷ್ಟು ಹೇಳಿದ. ಯಾಕೆ ಹಾಗೆ ಕಾಣುತ್ತದೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ತನ್ನ ಮಷಿನು ಏನು ಮಾಡುತ್ತದೆಂದು ತಿಳಿಯದೆ ಒಬ್ಬ ಮನುಷ್ಯ ಅದನ್ನು ದಿನಾ ಹೇಗೆ ತಿರುಗಿಸುತ್ತಾನೆ? ಅತ್ತೆ ಮಾತ್ರ “ನಡುವ ಕತ್ತಲಿ ಬೇಕು,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಸ್ಟೇಷನ್ನಿನವರೆಗೂ ನಡೆದರು.

ಖಾನಾಪುರಕ್ಕೆ ಬಂದದ್ದೇ ತಡ, ನಮ್ಮ ಬೀಸುಕಲ್ಲಿಗೆ ಕೆಲಸ ಬಂತು. ಅತ್ತೆ ಕಾಗದದ ಒಂದು ಉದ್ದನೆಯ ಪಟ್ಟಿ ಅಂಟಿಸಿ, ಅದರ ಮೇಲೆ ಕಾಳು ಹೆಕ್ಕುವ ಗುಬ್ಬಿಯನ್ನು ಸಾಲಾಗಿ ಬರೆದರು. ಒಂದರಲ್ಲಿ ತಲೆ ಮೇಲೆ, ಮುಂದಿನದರಲ್ಲಿ ಸ್ವಲ್ಪ ಕೆಳಗೆ, ಹೀಗೆ. ಹಳೆಯ ಜರಡಿಯ ಅಂಚಿನ ಬಳೆಯ ಒಳಮೈಗೆ ಪಟ್ಟಿಯನ್ನು ಸುತ್ತಿ, ಬಳೆಯನ್ನು ಬೀಸುಕಲ್ಲಿನ ಮೇಲಿಟ್ಟು ಕಟ್ಟಿ, ನನಗೆ ಗೂಟ ಹಿಡಿದು ತಿರುಗಿಸಲು ಹೇಳಿದರು. ತಿರುಗಿಸಿದೆ. ಗುಬ್ಬಿ ಕಲೆಸಿದ ಗಂಜಿಯಾಯಿತು.

“ಇನ್ನೂ ಜೋರ!”

ಜೋರಾಗಿ ತಿರುಗಿಸಿದೆ. ಗಂಜಿ ಇನ್ನೂ ತೆಳ್ಳಗಾಯಿತು. ಜೋಳ ಬೀಸಲು ಬಳಸಬೇಕಾದ ತೋಳಿನ ಶಕ್ತಿಯನ್ನು ಗುಬ್ಬಿಗೆ ಸುರಿದು ಸಾಕಾಗಿ, ಕಾಗದ ಹರಿದುಹಾಕುತ್ತೇನೆ ಎಂದು ನಾನು ಎದ್ದೆ. ಅಷ್ಟರಲ್ಲಿ ಅತ್ತೆ ತಮ್ಮ ಕೈಬೆರಳು ಅಗಲಿಸಿ ಕಣ್ಣ ಮುಂದೆ ಬೀಸಣಿಕೆಯ ಹಾಗೆ ಆಡಿಸುತ್ತ ಕೂಗಿದರು, “ನಿಲ್ಲಬ್ಯಾಡ, ನಿಲ್ಲಬ್ಯಾಡ! ಬಂತು!” ಬೆರಳು ಅಡ್ಡ ಬಂದಾಗ ಕತ್ತಲೆ, ಬೆರಳ ಸಂದಿಯಲ್ಲಿ ಒಂದು ಗುಬ್ಬಿ, ಮತ್ತೆ ಕತ್ತಲೆ, ಮತ್ತೊಂದು ಗುಬ್ಬಿ. ಆ ದಿನವೇ ಚಿಮಣಿ ಎಣ್ಣೆಯ ಡಬ್ಬಿಯನ್ನು ಕತ್ತರಿಸಿ, ಸೀಳು ಮಾಡಿ, ಮಸಿ ಬಳಿದು ಬಳೆಯ ಮೇಲೆ ನಿಲ್ಲಿಸಿದೆವು. ಈ ಕಡೆಯ ಸೀಳಿನಿಂದ ಆ ಕಡೆಯ ಗುಬ್ಬಿಯನ್ನು ನೋಡಬೇಕು. ನಾನು ಬಗ್ಗಿ ನೋಡಿದೆ. ಗುಬ್ಬಿ ಕಾಳು ಹೆಕ್ಕುತ್ತಿತ್ತು. ನಮ್ಮ ಮನೆಯಲ್ಲಿ, ನಮ್ಮ ಬೀಸುಕಲ್ಲಿನ ಮೇಲೆ. ಸುಖಕ್ಕೆ ನನಗೆ ಕೂಗಬೇಕೆನ್ನಿಸಿತು, ಕೂಗಿಯೂ ಬಿಟ್ಟೆ. ಏನಾಯಿತೋ ಎಂದು ಹಿತ್ತಲಿಂದ ಓಡಿ ಬಂದ ನನ್ನ ಗಂಡ ಗುಬ್ಬಿ ನೋಡಲು ಕೂತವರು ಅಂಗಡಿಗೆ ಹೋಗುವುದನ್ನೇ ಮರೆತರು.

ಸ್ವಲ್ಪ ದಿನಕ್ಕೆ ಥೇಟರಿನ ಅಣ್ಣ ಬೆಂಚು ಮಾಡಿಸಲು ಕಟ್ಟಿಗೆ ಕೊಳ್ಳುವ ನೆವದಿಂದ ಖಾನಾಪುರಕ್ಕೆ ಬಂದ. “ಶರಣ್ರಿ ಕಾಕೂ,” ಎನ್ನುತ್ತ ಒಳಗೆ ಬಂದವನನ್ನು ಅತ್ತೆ ನೀರು ಕೊಡುವ ಮೊದಲೇ ಬೀಸುಕಲ್ಲಿನ ಮುಂದೆ ಕೂರಿಸಿದರು. ಅವನು ನೋಡಿದ. ಮತ್ತೆ ನೋಡಿದ. ಆಮೇಲೆ ಬಂದ ಕೆಲಸ ಬಿಟ್ಟು ಬೇರೆಯೇ ಮಾತು ತೆಗೆದ.

ಮುಂಬಯಿಯಲ್ಲಿ ಸಿನೆಮಾದವರ ಒಂದು ಮಂಡಳಿ ಇದೆ. ಸಮುದ್ರದಾಚೆ ಒಂದು ದೊಡ್ಡ ಊರಿನಲ್ಲಿ ಹಲವು ದೇಶಗಳ ಸಿನೆಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಪದಕ ಕೊಡುತ್ತಾರೆ. ಬರೆದು ನಡೆಸಿದ ಚಿತ್ರಗಳಿಗೂ ಅಲ್ಲಿ ಬೇರೆ ಪದಕ. ಈ ಕಡೆಯಿಂದ ಅಂಥದ್ದು ಏನಾದರೂ ಕಳಿಸಲು ಸಿಗುತ್ತದೆಯೇ ಎಂದು ಮಂಡಳಿಯವರು ಥೇಟರಿನವರನ್ನೆಲ್ಲ ಕೇಳುತ್ತಿದ್ದಾರೆ. ಚಿತ್ರ ಬರೆದು ಕಳಿಸಿದರೆ ಸಾಕು, ಒಂದೊಂದಾಗಿ ಫೋಟೊ ಹಿಡಿದು ರೀಲು ಮಾಡುವುದು ಅವರ ಹೊಣೆ.

“ನಿಮ್ಮ ಹೆಸರು ಇಂಗ್ಲಿಷ್‌ನಾಗ ಬರೀತಾರ ಕಾಕೂ, ಚಿತ್ರದ ಮೊದಲಿಗೆ,” ಎಂದ ಅಣ್ಣ.

ಅತ್ತೆ ಎದ್ದು ಒಳಗೆ ಹೋದರು. ಬೇಡ ಎಂದು ಮುನಿದರೇನೋ ಎಂದು ನಾನು ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ಈ ಮನಿಗೆ ಬಂದಾಗಿಂದ ದಿನಾ ಅಂಗಳದಾಗ ರಂಗೋಲಿ ಬರದೇನಿ,” ಎಂದರು. “ನೋಡಿದಾವರೆಲ್ಲಾ ಏನ್ ಚಂದ ಅಂತಾರ, ದಾಟಿ ಹೋಗ್ತಾರ. ಒಂದೂ ಸಂಜಿ ಮಟಾ ಉಳಿದಿಲ್ಲ. ಒಂದಾದ್ರೂ ಉಳೀಲಿ ಅನಸತೈತಿ ನನಗ. ತಪ್ಪೇನ?”

ತಪ್ಪೇನು ಬಂತು! ಆ ಕ್ಷಣದಿಂದ ಪದಕ ಅವರಿಗಿಂತ ಹೆಚ್ಚಾಗಿ ನನಗೆ ಬೇಕಾಯಿತು. ಸಮುದ್ರದಾಚೆಯವರು ಎದ್ದು ನಿಂತು ನನ್ನ ಅತ್ತೆಗೆ ಚಪ್ಪಾಳೆ ತಟ್ಟಬೇಕು, ಅದನ್ನು ನಾನು ಖಾನಾಪುರದ ಸಂತೆಯಲ್ಲಿ ನಿಂತು ಎಲ್ಲರಿಗೂ ಹೇಳಬೇಕು ಎಂದು ನಿರ್ಧರಿಸಿಬಿಟ್ಟೆ.

ಏನು ಬರೆಯುವುದು ಎಂಬ ಪ್ರಶ್ನೆಗೆ ಅಣ್ಣನಲ್ಲಿ ಉತ್ತರ ಸಿದ್ಧವಿತ್ತು. “ಹುಲಿ ಬರೀರಿ ಕಾಕೂ. ಅಲ್ಲಿ ಮಂದಿಗೆ ಹಿಂದುಸ್ತಾನ ಅಂದ್ರ ಹುಲಿ.”

“ನಾ ಹುಲಿ ನೋಡಿಲ್ಲಪಾ. ಕಾಡಿನ ಬಾಜೂಕ ಇದ್ದೂ ನೋಡಿಲ್ಲ. ನೋಡದ್ದನ್ನ ಹೆಂಗ ನಡಸಲಿ? ದಿನಾ ಮಾಡೂದನ್ನ ಬರೀತೀನಿ.”

ಹಾಗೆ ನಮ್ಮ ಹಿತ್ತಲ ಬಾವಿ ಚಿತ್ರಕ್ಕೆ ಬಂತು. ನಳ ಬಂದ ಮೇಲೆ ಹುಟ್ಟಿದವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಬಾವಿಯ ನೀರನ್ನು ಸೋಸದೆ ಬಳಸುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂಬುದು ನಮ್ಮ ನಂಬಿಕೆ. ತಾಮ್ರದ ಕೊಡದ ಬಾಯಿಗೆ ದಪ್ಪ ಅರಿವೆಯನ್ನು ಎರಡು ಪದರ ಮಾಡಿ ಕಟ್ಟಿ ಸೋಸುತ್ತೇವೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಅರಿವೆಯ ಮೇಲೆ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಬಕೆಟ್ಟಿಗೆ ಇಳಿಸಿ, ಬಕೆಟ್ಟನ್ನು ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ, ಸುರಿದರೆ ಅವು ಸಾಯುತ್ತವೆ. ಬಕೆಟ್ಟಿನ ತಳಕ್ಕೆ ಇನ್ನೊಂದು ಸಣ್ಣ ಹಗ್ಗ ಇರುತ್ತದೆ. ಬಕೆಟ್ಟು ನೀರು ಮುಟ್ಟಿದ ಮೇಲೆ ಆ ಹಗ್ಗ ಎಳೆದರೆ ಅದು ಮೆಲ್ಲಗೆ ಮಗುಚುತ್ತದೆ. ಜೀವಾಣಿ ಬಿಡುವುದು ಎನ್ನುತ್ತೇವೆ ಇದಕ್ಕೆ. ಹೆಣ್ಣುಮಕ್ಕಳು ಹಲ್ಲುಜ್ಜುವುದನ್ನು ಕಲಿಯುವಾಗಲೇ ಇದನ್ನೂ ಕಲಿತಿರುತ್ತಾರೆ.

ಮಳೆಗಾಲ ಪೂರ್ತಿ ಬರೆದೆವು. ಬರೆದವರು ಅತ್ತೆ, ಗೋಳು ನನ್ನದು. ನಾನು ಹಗ್ಗ ಎಳೆಯುವಾಗ “ನಿಲ್ಲು!” ಎನ್ನುತ್ತಿದ್ದರು. ತುಂಬಿದ ಬಕೆಟ್ಟು ಅರ್ಧಕ್ಕೆ ತೂಗಾಡುತ್ತಿರಬೇಕು, ಅವರು ನನ್ನ ಮೊಣಕೈ ಎಷ್ಟು ಮಡಚಿದೆ, ಸೊಂಟ ಯಾವ ಕಡೆ ವಾಲಿದೆ ಎಂದು ನೋಡಿ ಒಳಗೆ ಹೋಗಿ ಬರೆದು ಬರಬೇಕು. “ಹಾಂ, ಈಗ ಒಂದೀಟ ಎಳಿ. ನಿಲ್ಲು!” ಮಳೆ ಹನಿಯುತ್ತಿದ್ದರೂ ಬಿಡುತ್ತಿರಲಿಲ್ಲ. ಒಮ್ಮೆ ಕೈ ಸೋತು ಹಗ್ಗ ಬಿಟ್ಟುಬಿಟ್ಟೆ, ಬಕೆಟ್ಟು ಧಡಾರನೆ ಬಿತ್ತು. ನನ್ನ ತೋಳಿಗೆ ಏನಾಯಿತು ಎಂದು ಕೇಳಲಿಲ್ಲ ಪುಣ್ಯಾತಗಿತ್ತಿ, ಬಾವಿಯಲ್ಲಿ ಇಣುಕಿ “ಪಾಪ, ಅವಕ್ಕ ಬಡೀತೋ ಏನೋ,” ಎಂದರು. ನನ್ನ ಗಂಡನದು ಬೇರೆಯೇ ದೂರು: “ದಿನಾ ನೀರು ಸೇದಾಕತ್ತೀರಿ, ಕುಡಿಯಾಕ ಮನಿಯಾಗ ತಂಬಗಿ ನೀರಿಲ್ಲ.”

ಗಾಳಿಪಟದ ತೆಳು ಕಾಗದ ತಂದಿದ್ದೆವು, ಕೆಳಗಿನ ಚಿತ್ರ ಮೇಲೆ ಕಾಣಲಿ ಎಂದು. ಚಿತ್ರ ಅತ್ತಿತ್ತ ಸರಿಯಬಾರದೆಂದು ಅತ್ತೆ ಒಂದು ಮಣೆಗೆ ಎರಡು ಸೂಜಿ ನೆಟ್ಟು ಪ್ರತಿ ಹಾಳೆಯನ್ನೂ ಅವಕ್ಕೆ ಚುಚ್ಚಿ ಕೂರಿಸುತ್ತಿದ್ದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ನೋಡುತ್ತೇನೆ, ಅರಿವೆಯ ಚಿತ್ರದ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುತ್ತಿದ್ದಾರೆ. ನೀರು ಬಿದ್ದಂತೆ ಒಂದೊಂದೇ ಚುಕ್ಕೆ ಹೆಚ್ಚುತ್ತದೆ, ಪ್ರತಿ ಚಿತ್ರದಲ್ಲೂ ಸ್ವಲ್ಪ ಮಿಸುಕುತ್ತದೆ.

“ಇಷ್ಟು ಸಣ್ಣವು ಯಾರಿಗೆ ಕಾಣತಾವ್ರಿ ಅತ್ತಿ?”

“ಕಾಣೂದಿಲ್ಲ ಅಂತನ ಅಲ್ಲೇನು ಸೋಸೂದು,” ಎಂದು ತಲೆ ಎತ್ತದೆ ಹೇಳಿದರು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಜೀವಾಣಿ ಬಿಡುವ ಭಾಗ. ಅರಿವೆ ತಿರುವಿ ತೊಳೆಯುವುದು, ಬಕೆಟ್ಟು ಇಳಿಯುವುದು, ನೀರಿನ ಮೇಲೆ ಒಂದು ಗಳಿಗೆ ತಡೆಯುವುದು, ಸಣ್ಣ ಹಗ್ಗ ಬಿಗಿಯುವುದು, ಮಗುಚುವುದು, ಖಾಲಿ ಬಕೆಟ್ಟು ಮೇಲೆ ಬರುವುದು. ಆಮೇಲೆ ಹೆಂಗಸು ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, ಕೊಡ ಹೊತ್ತು ಮನೆ ಕಡೆ ಹೋಗುತ್ತಾಳೆ. ಮುಗಿಯಿತು.

ಬರೆಯುತ್ತ ಬರೆಯುತ್ತ ನಾವು ಆ ದೇಶದ ಮಂದಿಯ ಬಗ್ಗೆ ಬಹಳ ಯೋಚನೆ ಮಾಡುತ್ತಿದ್ದೆವು. ಅಲ್ಲಿ ಬಾವಿ ಇವೆಯೇ? ಆ ಕಡೆಯ ಚಳಿಗೆ ಬಾವಿಯ ನೀರು ಹೆಪ್ಪುಗಟ್ಟಿದರೆ ಅದರೊಳಗಿನ ಜೀವಗಳು ಎಲ್ಲಿ ಹೋಗುತ್ತವೆ? ಕತ್ತಲಲ್ಲಿ ಕೂತು ಪದಕ ಕೊಡುವವರು ಹೇಗೆ ಆರಿಸುತ್ತಾರೆ, ನಗು ಹೆಚ್ಚು ಬಂದದ್ದಕ್ಕೋ, ಕೈ ಹೆಚ್ಚು ನೊಂದದ್ದಕ್ಕೋ? ಬೇರೆ ದೇಶದಲ್ಲೂ ಯಾರೋ ಒಬ್ಬ ಅತ್ತೆ ಸೊಸೆಯನ್ನು ಹೀಗೆಯೇ ಅರ್ಧ ಬಗ್ಗಿಸಿ ನಿಲ್ಲಿಸಿರಬಹುದು ಎಂದು ನಾನು ಹೇಳಿದಾಗ ಅತ್ತೆ ಮೊದಲ ಸಲ ಬಾಯಿ ತುಂಬ ನಕ್ಕರು. ಮುಂಬಯಿಯವರಿಗೆ ಚಿತ್ರದ ಅರ್ಥ ಬರೆದು ಕಳಿಸಬೇಕು ಎಂಬುದೊಂದು ಮಾತ್ರ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ನೀರು ಸೇದುವುದರಲ್ಲಿ ಅರ್ಥ ಹೇಳುವಂಥದ್ದು ಏನಿದೆ?

ಹಾಳೆಗಳ ಗಂಟನ್ನು ಅಣ್ಣನೇ ಮುಂಬಯಿಗೆ ಒಯ್ದು ಕೊಟ್ಟು ಬಂದ. ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಅವನಿಂದ ಹೇಳಿಕೆ ಬಂತು. ಅತ್ತೆಯ ಚಿತ್ರವನ್ನು ಮಂಡಳಿಯವರು ಆರಿಸಿದ್ದಾರೆ. ರೀಲು ತಯಾರಾಗಿದೆ, ಒಂದು ಪ್ರತಿ ಬೆಳಗಾವಿಗೆ ಬಂದಿದೆ. ನೋಡಿ ಒಪ್ಪಿಗೆ ಎಂದು ತಂತಿ ಕೊಟ್ಟರೆ ಹಡಗಿಗೆ ಹಾಕುತ್ತಾರೆ. ಹಡಗು ಹೊರಡುವ ಹೊತ್ತು ಹತ್ತಿರ ಬಂದಿದೆ, ಕೂಡಲೇ ಬರ್ರಿ.

ನಾನು, ಅತ್ತೆ, ನನ್ನ ಗಂಡ ಬೆಳಗಿನ ರೈಲು ಹತ್ತಿದೆವು. ಅತ್ತೆ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದರು. ನಾನು ದಾರಿಯುದ್ದಕ್ಕೂ ಮಾತಾಡಿದೆ, ಅವರು ಕಿಟಕಿಯಿಂದ ಆಚೆ ನೋಡುತ್ತ ಕೂತಿದ್ದರು.

ಮಧ್ಯಾಹ್ನದ ಹೊತ್ತು, ಖಾಲಿ ಥೇಟರು. ಅಣ್ಣ ಬಾಗಿಲು ಕಿಟಕಿ ಮುಚ್ಚಿ ಮಷಿನಿನ ಹಿಡಿಕೆ ತಿರುಗಿಸಿದ. ಮೊದಲು ಇಂಗ್ಲಿಷ್ ಅಕ್ಷರಗಳು ಬಂದವು.

“ಕಾಕೂ, ಅದ ನಿಮ್ಮ ಹೆಸರು!”

“ನಿಲ್ಲಸ, ನಿಲ್ಲಸ, ಸರಿಯಾಗಿ ನೋಡ್ತೀನಿ!”

“ನಿಲ್ಲಿಸಿದ್ರ ರೀಲು ಸುಡತೈತ್ರಿ.”

ಹೆಸರು ಹೋಯಿತು, ಬಾವಿ ಬಂತು. ನಮ್ಮ ಬಾವಿ! ಅದರ ಒಡೆದ ಕಟ್ಟೆ, ಅದರ ರಾಟೆ. ಹೆಂಗಸು ಬಗ್ಗಿದಳು, ಬಕೆಟ್ಟು ಇಳಿಯಿತು, ಹಗ್ಗ ಬಿಗಿಯಿತು. ಅವಳ ಸೊಂಟ ವಾಲಿದ ರೀತಿ ನನ್ನದೇ. ನನ್ನನ್ನು ನಾನು ಹೊರಗೆ ನಿಂತು ನೋಡಿದಂತಾಗಿ ಮೈ ಜುಮ್ಮೆಂದಿತು. ಬಕೆಟ್ಟು ಬಗ್ಗಿ ನೀರು ಅರಿವೆಯ ಮೇಲೆ ಬಿತ್ತು. ಚುಕ್ಕೆಗಳು ಒಂದೊಂದಾಗಿ ಮೂಡಿ ಮಿಸುಕಿದವು. ಇಷ್ಟು ದೊಡ್ಡ ಪರದೆಯ ಮೇಲೆ ಅವು ಚೆನ್ನಾಗಿ ಕಂಡವು. ಆಮೇಲೆ ಹೆಂಗಸು ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಕೊಡ ಹೊತ್ತು ಹೊರಟುಹೋದಳು. ಪರದೆ ಬೆಳ್ಳಗಾಯಿತು.

ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಅತ್ತೆ ಎದ್ದು ನಿಂತಿದ್ದರು.

“ಜೀವಾಣಿ ಎಲ್ಲಿ?”

ಅಣ್ಣ ರೀಲನ್ನು ಮೊದಲಿಗೆ ಸುತ್ತಿದ. ಮತ್ತೊಮ್ಮೆ ತಿರುಗಿಸಿದ. ಅದೇ. ಅರಿವೆಯ ಮೇಲಿನ ಚುಕ್ಕೆಗಳು ಇದ್ದಕ್ಕಿದ್ದಂತೆ ಇಲ್ಲವಾಗುತ್ತಿದ್ದವು. ಕೊನೆಗೆ ಮಂಡಳಿಯವರು ರೀಲಿನ ಜೊತೆ ಕಳಿಸಿದ ಚೀಟಿಯನ್ನು ಓದಿ ಹೇಳಿದ. ಹೆಂಗಸು ನೀರು ಸೇದಿಕೊಂಡ ಮೇಲೆ ಅರಿವೆಗೆ ಮತ್ತೆ ನೀರು ಬೀಳುವ, ಬಕೆಟ್ಟು ಮತ್ತೆ ಬಾವಿಗೆ ಇಳಿಯುವ ಹಾಳೆಗಳು ಗಂಟಿನಲ್ಲಿ ಇದ್ದವು. ಅದೇ ಚಿತ್ರಗಳು ಕಣ್ತಪ್ಪಿನಿಂದ ಎರಡು ಸಲ ಬಂದಿವೆ ಎಂದು ತಿಳಿದು ಅವನ್ನು ಬಿಟ್ಟಿದ್ದೇವೆ. ಈಗ ಕಥೆ ಚೊಕ್ಕವಾಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ನಾನು ಮುಂಬಯಿಯವರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಗಂಡ ಹೆದರಿ ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬಂದರು. ಅತ್ತೆ ಬೆಂಚಿನ ಮೇಲೆ ಕುಸಿದು ಕೂತಿದ್ದರು.

“ಅರಿವಿ ಮ್ಯಾಲೆ ಹಂಗ ಒಣಗಿ ಹೋದುವು,” ಎಂದರು.

ಅಣ್ಣ ಥಟ್ಟನೆ ಮಷಿನಿನ ಕಡೆ ಓಡಿದ. “ಒಂದ ನಿಮಿಷ ಕಾಕೂ, ಕುಂದರ್ರಿ. ಒಂದು ತೋರಸ್ತೀನಿ.” ರೀಲಿನ ಕೊನೆಯಿಂದ ಹಿಡಿದು, ಹಿಡಿಕೆಯನ್ನು ಉಲ್ಟಾ ತಿರುಗಿಸಿದ. ಹೊರಟುಹೋದ ಹೆಂಗಸು ಹಿಂದುಹಿಂದಕ್ಕೆ ನಡೆದು ಬಾವಿಕಟ್ಟೆಗೆ ಬಂದಳು. ಕೊಡ ತಲೆಯಿಂದ ಇಳಿಯಿತು. ಹೆಗಲ ಮೇಲಿನ ಅರಿವೆ ಕೊಡದ ಬಾಯಿಗೆ ಬಂತು, ಅದರ ಮೇಲೆ ಚುಕ್ಕೆಗಳು ಮೂಡಿದವು. ಕೊಡದೊಳಗಿನ ನೀರು ಅರಿವೆಯನ್ನು ಹಾದು ಮೇಲೆದ್ದು ಬಕೆಟ್ಟಿಗೆ ಏರಿತು. ಒಂದೊಂದು ಚುಕ್ಕೆಯೂ ಆ ನೀರಿನಲ್ಲಿ ಸೇರಿ ಬಕೆಟ್ಟಿಗೆ ಹೋಯಿತು. ಬಕೆಟ್ಟು ಬಾವಿಗೆ ಇಳಿಯಿತು. ಒಂದು ಚುಕ್ಕೆಯೂ ಹಿಂದೆ ಉಳಿಯಲಿಲ್ಲ. ನಾನು ಕೋಪವನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡಿದೆ.

ಅತ್ತೆಯ ಮುಖಕ್ಕೆ ರಕ್ತ ಮರಳಿತು. “ಹಿಂಗ ಕಳಸು,” ಎಂದರು. “ಮೊದಲ ನೆಟ್ಟಗ, ಆಮ್ಯಾಲೆ ತಿರುಗಿಸಿ. ಅಲ್ಲೆ ಹಿಂಗ ತೋರಸ್ರಿ ಅಂತ ಹೇಳು.”

“ಅಲ್ಲಿ ನಮ್ಮ ಮಾತು ಯಾರು ಕೇಳ್ತಾರ್ರಿ ಕಾಕೂ? ಅಲ್ಲಿ ಮಷಿನು ಒಂದ ಕಡೆ ತಿರಗತೈತಿ. ಬಿಟ್ಟ ಹಾಳಿ ಮತ್ತ ಸೇರಸಬೇಕಂದ್ರ ಹಡಗು ಹೋಗಿಬಿಡತೈತಿ.” ಅಣ್ಣನ ದನಿ ಬಾಡಿತ್ತು. “ಒಪ್ಪಿಗಿ ಕೊಡ್ರಿ. ಹೆಸರು ಬರತೈತಿ, ಪದಕನೂ ಬರಬಹುದು. ಹಿಂಗ ಇದ್ದರೂ ಚಂದ ಐತಿ ಚಿತ್ರ.”

“ಎಷ್ಟು ಸಲ ತೋರಸ್ತಾರ ಅಲ್ಲಿ?”

“ಭಾಳ ಸಲ ತೋರಸ್ತಾರ್ರಿ.”

“ಪ್ರತಿ ಸಲಾನೂ ಅರಿವಿ ಮ್ಯಾಲೆ ಬಿಟ್ಟ ಹೋಗಾಕಿ ಅಕಿ?”

ಅಣ್ಣ ತಲೆ ತಗ್ಗಿಸಿದ. ಅತ್ತೆ ಸೆರಗು ಬಿಗಿದು ಬೆಂಚಿನಿಂದ ಎದ್ದರು. ಆಮೇಲೆ, “ಬ್ಯಾಡ ಅಂತ ತಾರು ಹೊಡಿ,” ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಸಂಕಟ ಏನೆಂದು ನನಗೆ ಆಗ ಗೊತ್ತಾಯಿತು. ಮಳೆಯಲ್ಲಿ ನೆನೆದದ್ದು, ತೋಳು ಬಾತದ್ದು, ಅಡುಗೆಮನೆಯಲ್ಲಿ ಅವರು ಮುಖ ಒರೆಸಿಕೊಂಡದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂದು, ಸೊಸೆ ಎನ್ನುವುದನ್ನೂ ಮರೆತು ಕಿರುಚಿದೆ. “ಅವು ಚುಕ್ಕಿ ರೀ ಅತ್ತಿ! ಮಸಿ ಚುಕ್ಕಿ! ಅವಕ್ಕೇನ ಜೀವ ಐತೇನು? ಚುಕ್ಕಿ ಸಲುವಾಗಿ ಪದಕ ಬಿಡ್ತೀರೇನು?”

ಅವರಿಗೆ ಸಿಟ್ಟು ಬರಲಿಲ್ಲ. “ಸುಮ್ಮನ ಕುಂತಾಗ ಚುಕ್ಕಿ, ಖರೇ,” ಎಂದರು. “ನಾವ ನಡಸಿದ್ವಿ ಅವನ್ನ. ನಡಸಿದ ಮ್ಯಾಲೆ ಮನಿ ಮುಟ್ಟಸೂದು ನಮ್ಮ ಹೊಣಿ ಅಲ್ಲೇನು?” ಕೂಡಲೇ ದನಿ ಒಡೆದು, “ನನಗ ಆಸೆ ಇಲ್ಲಂತ ತಿಳಕೊಂಡಿಯೇನ? ಹೆಸರು ನೋಡಿದಾಗ ಎದಿ ಡವಡವ ಅಂತು. ಓದಾಕ ಬರಲಿಲ್ಲ, ಆದರೂ ನಂದು ಅಂತ ಗೊತ್ತಾತು,” ಎಂದರು.

ತಂತಿ ಹೋಯಿತು. ಹಡಗೂ ಹೋಯಿತು, ಅತ್ತೆಯ ಬಾವಿ ಇಲ್ಲದೆ. ಯಾವುದೋ ದೇಶದವರು ಬರೆದ ಒಂದು ಕಪ್ಪೆಗೆ ಪದಕ ಬಂತು ಎಂದು ಅಣ್ಣ ಆಮೇಲೆ ಯಾವಾಗಲೋ ಹೇಳಿದ. ಆ ಕಪ್ಪೆಯ ಮೇಲೆ ನನಗೆ ಬಹಳ ವರ್ಷ ಕೋಪವಿತ್ತು.

ಅಣ್ಣನೂ ಹಟದವನೇ. ತನ್ನ ಬಳಿ ಉಳಿದ ರೀಲನ್ನು ಒಂದು ದಿನ ದೊಡ್ಡ ಚಿತ್ರಕ್ಕೆ ಮುಂಚೆ ಬೆಳಗಾವಿಯ ಮಂದಿಗೇ ತೋರಿಸುತ್ತೇನೆ, ಅತ್ತೆ ಹೇಳಿದ ಹಾಗೆ ನೆಟ್ಟಗೊಮ್ಮೆ, ತಿರುಗಿಸಿ ಒಮ್ಮೆ, ಎಂದ. ನಾವು ಹೊತ್ತಿಗೆ ಮುಂಚೆ ಉಂಡು ಹೋಗಿ ಹೆಂಗಸರ ಬೆಂಚಿನಲ್ಲಿ ಕೂತೆವು. ಥೇಟರು ಕಿಕ್ಕಿರಿದಿತ್ತು. ಚಿತ್ರ ನೆಟ್ಟಗೆ ಓಡಿದಾಗ ಒಂದು ಸದ್ದಿಲ್ಲ. ನನ್ನ ಪಕ್ಕದ ಮುದುಕಿ “ನಮ್ಮ ಬಾವಿ ಹಂಗ ಐತಲ್ಲ” ಎಂದು ಮೆಲ್ಲಗೆ ಹೇಳಿದಳು. ನನ್ನ ಎದೆ ಉಬ್ಬಿತು.

ಆಮೇಲೆ ಅಣ್ಣ ಹಿಡಿಕೆ ತಿರುಗಿಸಿದ. ಹೆಂಗಸು ಹಿಂದುಹಿಂದಕ್ಕೆ ನಡೆಯುತ್ತ ಬಂದದ್ದೇ ತಡ, ಥೇಟರು ನಗುವಿನಲ್ಲಿ ಮುಳುಗಿತು. ನೀರು ಕೊಡದಿಂದ ಮೇಲಕ್ಕೆ ಹಾರಿದಾಗ ಕೆಲವರು ಬೆಂಚು ಬಡಿದರು, ಒಬ್ಬ ಸಿಳ್ಳೆ ಹಾಕಿದ. ಪೇಟಿಯವನು ತಾನೂ ಸ್ವರವನ್ನು ಉಲ್ಟಾ ಬಾರಿಸಿ ಇನ್ನಷ್ಟು ನಗಿಸಿದ. ಸಮುದ್ರದಾಚೆಯ ಪದಕವನ್ನು ಅತ್ತೆ ಬಿಟ್ಟದ್ದು ಇದಕ್ಕೇ, ಈ ಇಳಿಯುವ ಬಕೆಟ್ಟಿಗೆ. ಅದು ಈ ಮಂದಿಗೆ ತಮಾಷೆಯಾಗಿತ್ತು. ನನಗೆ ಎದ್ದು ನಿಂತು ಎಲ್ಲರಿಗೂ ಬೈಯಬೇಕೆನ್ನಿಸಿತು. ಅತ್ತೆಯ ಮುಖ ನೋಡುವ ಧೈರ್ಯ ಬಹಳ ಹೊತ್ತು ಬರಲಿಲ್ಲ.

ಕೊನೆಗೆ ತಿರುಗಿ ನೋಡಿದೆ. ಅವರಿಗೆ ಆ ನಗು ಕೇಳಿಸುತ್ತಲೇ ಇರಲಿಲ್ಲವೇನೋ. ಮುಂದಕ್ಕೆ ಬಗ್ಗಿ, ಕಣ್ಣ ರೆಪ್ಪೆ ಬಡಿಯದೆ ಬಕೆಟ್ಟನ್ನೇ ನೋಡುತ್ತಿದ್ದರು. ಅದು ಕಟ್ಟೆ ದಾಟಿ ಬಾವಿಯೊಳಗೆ ಇಳಿದು ಮರೆಯಾಯಿತು. ಅವರು ಉಸಿರು ಬಿಟ್ಟು ಹಿಂದಕ್ಕೆ ಒರಗಿದರು.

“ನಗಾಕತ್ತಾರ್ರಿ ಅತ್ತಿ,” ಎಂದೆ.

“ನಗಲಿ ಬಿಡ,” ಎಂದರು ಅತ್ತೆ. “ಮುಟ್ಟಿದುವಲ್ಲ.”